ನಿಮ್ಮ ಕೈ ಅಳತೆಗೆ ಒಂದು ಚಾಕು: ಉಕ್ಕಿನ ಪಟ್ಟಿಯಿಂದ ಹಿತ್ತಾಳೆಯ ಹೊಳಪಿನವರೆಗೆ

ಇಲ್ಲಿ ಮಾಡಲಿರುವ ಚಾಕು ಚಿಕ್ಕದು. ಅಲಗು 10 ಸೆಂ.ಮೀ., ಹಿಡಿಕೆ 11 ಸೆಂ.ಮೀ., ಉಕ್ಕಿನ ದಪ್ಪ 3 ಮಿ.ಮೀ. ಹಣ್ಣು ಹೆಚ್ಚುವುದಕ್ಕೆ, ತೋಟದಲ್ಲಿ ಹಗ್ಗ ಕತ್ತರಿಸುವುದಕ್ಕೆ, ಮರದ ಸಣ್ಣಪುಟ್ಟ ಕೆತ್ತನೆಗೆ ಆಗುತ್ತದೆ. ಉಕ್ಕು ಹಿಡಿಕೆಯ ಕೊನೆವರೆಗೂ ಒಂದೇ ತುಂಡಾಗಿ ಹೋಗುತ್ತದೆ. ಎರಡು ಬದಿಗೆ ಮರದ ಹಲಗೆ, ಹಿಡಿಕೆಯ ಮುಂಭಾಗದಲ್ಲಿ ಹಿತ್ತಾಳೆಯ ಕಟ್ಟು. ಮೊದಲ ಸಲ ಮಾಡುವವರಿಗೆ ಇದಕ್ಕಿಂತ ಸುಲಭವಾದ, ಇದಕ್ಕಿಂತ ಗಟ್ಟಿಯಾದ ರಚನೆ ಇಲ್ಲ.

ಅಲಗನ್ನು ಗಟ್ಟಿ ಮಾಡುವ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಲೋಹದ ಕಟ್ಟನ್ನು ಬಿರುಕಿಲ್ಲದೆ ಕೂರಿಸಿ, ಗೀರಿಲ್ಲದೆ ಮುಗಿಸುವುದನ್ನು ಹೇಳುವವರು ಕಡಿಮೆ. ನನ್ನ ಪ್ರಕಾರ ಚಾಕು ಮಾಡುವವರ ತಾಳ್ಮೆ ಕಾಣುವುದೇ ಆ ಜಾಗದಲ್ಲಿ. ಹಾಗಾಗಿ ಅಲಗಿನ ಕೆಲಸವನ್ನು ಸ್ವಲ್ಪ ಬೇಗ ದಾಟಿ, ಹಿತ್ತಾಳೆಯ ಹತ್ತಿರ ನಿಧಾನ ಮಾಡುತ್ತೇನೆ.

ಉಕ್ಕು ಮತ್ತು ಆಕಾರ

ಕಬ್ಬಿಣದಂಗಡಿಯಲ್ಲಿ ಸಿಗುವ ಸಾಮಾನ್ಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪಟ್ಟಿಯಿಂದ ಚಾಕು ಆಗುವುದಿಲ್ಲ. ಅದರಲ್ಲಿ ಇಂಗಾಲ ತೀರಾ ಕಡಿಮೆ. ಎಷ್ಟು ಕಾಯಿಸಿ ಎಣ್ಣೆಗೆ ಅದ್ದಿದರೂ ಅದು ಗಟ್ಟಿಯಾಗದು. ನಮಗೆ ಬೇಕಾದದ್ದು ಹೆಚ್ಚು ಇಂಗಾಲದ ಉಕ್ಕು. ಹೊಸಬರಿಗೆ 1084 ಎಂಬ ಉಕ್ಕು ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಸುಮಾರು ಶೇ. 0.84 ಇಂಗಾಲ ಇರುತ್ತದೆ. ದುಬಾರಿ ಯಂತ್ರವಿಲ್ಲದೆ, ಚಿಕ್ಕ ಕುಲುಮೆಯಲ್ಲೇ ಅದನ್ನು ಸರಿಯಾಗಿ ಗಟ್ಟಿ ಮಾಡಬಹುದು. ಅದು ಸಿಗದಿದ್ದರೆ 1075 ಅಥವಾ 80ಸಿಆರ್‌ವಿ2 ಕೂಡ ಆಗುತ್ತದೆ. ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿಯೂ ಒಳ್ಳೆಯ ಉಕ್ಕೇ. ಆದರೆ ವರ್ಷಗಟ್ಟಲೆ ಭಾರ ಹೊತ್ತ ಹಳೆ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಜೊತೆಗೆ ಅದು ತುಂಬಾ ದಪ್ಪ. ಅರದಿಂದ ತಿಕ್ಕಿ 3 ಮಿ.ಮೀ.ಗೆ ಇಳಿಸಲು ಹೋಗಬೇಡಿ. ಹತ್ತಿರದ ಕಮ್ಮಾರರ ಕುಲುಮೆಯಲ್ಲಿ ಕಾಯಿಸಿ ಬಡಿಸಿ ತೆಳ್ಳಗೆ ಮಾಡಿಸಿಕೊಳ್ಳಿ.

ಮೊದಲು ದಪ್ಪ ರಟ್ಟಿನಲ್ಲಿ ಚಾಕಿನ ಆಕಾರ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ನಾಲ್ಕು ಬೆರಳೂ ಹಿಡಿಕೆಯ ಮೇಲೆ ಕೂರಬೇಕು, ಕಿರುಬೆರಳು ಹೊರಗೆ ಜಾರಬಾರದು. ಹಿಡಿಕೆ ಉದ್ದ ಎನಿಸಿದರೆ ಇಲ್ಲೇ ಕಡಿಮೆ ಮಾಡಿ. ಅಂಗಡಿಯ ಚಾಕು ಎಲ್ಲರ ಕೈಗೂ ಒಂದೇ ಅಳತೆ. ನಿಮ್ಮದು ನಿಮ್ಮ ಕೈಗೆ ಮಾತ್ರ ಕೂರಬೇಕು, ಅಲ್ವಾ?

ರಟ್ಟಿನ ಆಕಾರವನ್ನು ಉಕ್ಕಿನ ಮೇಲೆ ಗೀಚಿ, ಹ್ಯಾಕ್ಸಾದಿಂದ ಕತ್ತರಿಸಿ, ಅರದಿಂದ ಗೆರೆಯವರೆಗೆ ತನ್ನಿ. ತೂತುಗಳನ್ನೆಲ್ಲ ಈಗಲೇ ಕೊರೆಯಬೇಕು. ಗಟ್ಟಿಯಾದ ಮೇಲೆ ಸಾಮಾನ್ಯ ಡ್ರಿಲ್ ಬಿಟ್ ಅದರಲ್ಲಿ ಇಳಿಯುವುದಿಲ್ಲ. ಹಿತ್ತಾಳೆ ಕಟ್ಟಿಗೆ 4 ಮಿ.ಮೀ.ನ ಎರಡು ತೂತು, ಮರಕ್ಕೆ ಇನ್ನೆರಡು. ಮರದಡಿ ಮುಚ್ಚಿಹೋಗುವ ಜಾಗದಲ್ಲಿ ಸುಮ್ನೆ ಮೂರ್ನಾಲ್ಕು ತೂತು ಜಾಸ್ತಿ ಕೊರೆದರೆ ಚಾಕು ಹಗುರವಾಗುತ್ತದೆ. ಅಂಟು ಆ ತೂತುಗಳ ಮೂಲಕ ಎರಡೂ ಬದಿಯ ಮರವನ್ನು ಒಂದಕ್ಕೊಂದು ಹಿಡಿಯುತ್ತದೆ.

ಬಾಯಿ ಬರುವ ಅಂಚಿಗೆ ಮಾರ್ಕರ್ ಬಳಿಯಿರಿ. 3 ಮಿ.ಮೀ. ಡ್ರಿಲ್ ಬಿಟ್ಟನ್ನು ಸಮತಟ್ಟಾದ ಮೇಜಿನ ಮೇಲೆ ಅಡ್ಡಲಾಗಿಟ್ಟು, ಅದರ ಮೊನೆಯಿಂದ ಆ ಅಂಚಿನುದ್ದಕ್ಕೂ ಗೀಚಿ. ಬಿಟ್ಟಿನ ಮೊನೆ ಅದರ ದಪ್ಪದ ನಡುವೆ ಇರುವುದರಿಂದ, 3 ಮಿ.ಮೀ. ಉಕ್ಕಿನ ಸರಿಯಾದ ನಡುಗೆರೆ ತಾನಾಗಿ ಬೀಳುತ್ತದೆ. ಎರಡೂ ಬದಿಯಿಂದ ಇಳಿಜಾರನ್ನು ಅರದಲ್ಲಿ ತೆಗೆಯುವಾಗ ಈ ಗೆರೆಯೇ ನಿಮಗೆ ದಾರಿ. ಬಾಯಿಯನ್ನು ಈಗಲೇ ತೆಳ್ಳಗೆ ಮಾಡಬೇಡಿ. ಅರ್ಧ ಮಿಲಿಮೀಟರಿನಷ್ಟು ದಪ್ಪ ಉಳಿಸಿ. ಪೂರ್ತಿ ತೆಳ್ಳಗಾದ ಬಾಯಿ ಎಣ್ಣೆಗೆ ಇಳಿದಾಗ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಬೆಂಕಿ, ಎಣ್ಣೆ, ಹದ

ಈ ಕೆಲಸ ಬಯಲಲ್ಲಿ, ಸಂಜೆಯ ಮಂದ ಬೆಳಕಿನಲ್ಲಿ ಆಗಬೇಕು. ಬಿಸಿಲಲ್ಲಿ ಉಕ್ಕಿನ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಹತ್ತಿ ಬಟ್ಟೆ, ಕನ್ನಡಕ, ಉದ್ದ ಇಕ್ಕಳ, ಎಣ್ಣೆ ಪಾತ್ರೆಗೆ ಮುಚ್ಚಳ ಹತ್ತಿರವಿರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಬೇಕೇ ಹೊರತು ನೀರು ಸುರಿಯಬಾರದು.

ಎರಡು ಮೂರು ಲೀಟರ್ ಸೂರ್ಯಕಾಂತಿ ಎಣ್ಣೆಯನ್ನು ಕಬ್ಬಿಣದ ಪಾತ್ರೆಯಲ್ಲಿ 50ರಿಂದ 60 ಡಿಗ್ರಿಗೆ ಬೆಚ್ಚಗೆ ಮಾಡಿ. ಬೆಚ್ಚಗಿನ ಎಣ್ಣೆ ತೆಳುವಾಗಿರುವುದರಿಂದ ಉಕ್ಕಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ. ಅಲಗನ್ನು ಕುಲುಮೆಯಲ್ಲಿ ಎಲ್ಲ ಕಡೆ ಒಂದೇ ಸಮ ಕೆಂಪಾಗುವಂತೆ ಆಡಿಸುತ್ತಾ ಕಾಯಿಸಿ. ಆಗಾಗ ಆಯಸ್ಕಾಂತಕ್ಕೆ ಮುಟ್ಟಿಸಿ ನೋಡಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. 1084ಕ್ಕೆ ಬೇಕಾದದ್ದು 815 ಡಿಗ್ರಿಯ ಆಸುಪಾಸು. ಅಂದರೆ ಅಂಟುವುದು ನಿಂತ ಮೇಲೆ ಕೆಂಪು ಇನ್ನೊಂದು ಛಾಯೆ ತಿಳಿಯಾಗುವವರೆಗೆ ಕಾಯಿಸಿದರೆ ಸಾಕು. ಕಿತ್ತಳೆ, ಹಳದಿ ಬಣ್ಣಕ್ಕೆ ಹೋದರೆ ಉಕ್ಕಿನ ಕಣ ದಪ್ಪಗಾಗಿ ಅಲಗು ಪೆಡಸಾಗುತ್ತದೆ.

ಹೊರತೆಗೆದ ತಕ್ಷಣ ಮೊನೆ ಕೆಳಗೆ ಮಾಡಿ ನೇರವಾಗಿ ಎಣ್ಣೆಗೆ ಇಳಿಸಿ. ಬಾಯಿ ಮತ್ತು ಬೆನ್ನಿನ ದಿಕ್ಕಿನಲ್ಲಿ ಮಾತ್ರ ಮೆಲ್ಲಗೆ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ತಣಿದ ಮೇಲೆ ಹಳೆ ಅರದಿಂದ ಬಾಯಿಯ ಮೇಲೆ ಎಳೆದು ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಜಾರಿದಂತೆ ಜಾರಿದರೆ ಗಟ್ಟಿಯಾಗಿದೆ ಎಂದರ್ಥ.

ಈಗ ಅದು ಕೆಳಗೆ ಬಿದ್ದರೆ ಒಡೆಯುವಷ್ಟು ಪೆಡಸು. ಅದೇ ದಿನ ಹದ ಮಾಡಬೇಕು. ಮನೆಯ ಓಟಿಜಿಯಲ್ಲಿ (ಚಿಕ್ಕ ವಿದ್ಯುತ್ ಓವನ್) 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ತಣಿಸಿ, ಮತ್ತೆ ಎರಡು ಗಂಟೆ ಇಡಿ. ಓಟಿಜಿಯ ಗುಂಡಿ ತೋರಿಸುವ ಶಾಖವನ್ನು ನಂಬದೆ ಒಳಗೊಂದು ಓವನ್ ಥರ್ಮಾಮೀಟರ್ ಇಡಿ. ಮೊದಲೇ ತಿಕ್ಕಿ ಹೊಳೆಯುವಂತೆ ಮಾಡಿದ್ದರೆ ಉಕ್ಕು ಒಣಹುಲ್ಲಿನ ತಿಳಿ ಹಳದಿ ಬಣ್ಣಕ್ಕೆ ಬಂದಿರುತ್ತದೆ. ನೀಲಿಯಾದರೆ 300 ಡಿಗ್ರಿ ಮುಟ್ಟಿದೆ, ಚಾಕಿನ ಬಾಯಿಗೆ ಅದು ಮೆತ್ತಗಾಯಿತು. ಸರಿಯಾಗಿ ಆದರೆ ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ 60ರ ಹತ್ತಿರ ಬರುತ್ತದೆ. ಬೆಂಕಿಯ ಕೆಲಸ ಬೇಡ ಎನ್ನುವವರು ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಹೀಟ್ ಟ್ರೀಟ್‌ಮೆಂಟ್ ಘಟಕಗಳಲ್ಲಿ ಕೇಳಬಹುದು. ಉಕ್ಕಿನ ಹೆಸರನ್ನು ಮಾತ್ರ ಸರಿಯಾಗಿ ಹೇಳಿ.

ಇಲ್ಲಿಂದ ಮುಂದೆ ಅಲಗು ಬರಿಗೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗಬಾರದು. ಗ್ರೈಂಡರ್ ಮುಟ್ಟಿಸಿದರೆ ಪ್ರತಿ ಸಲವೂ ನೀರಿಗೆ ಅದ್ದಿ. ಅಲಗನ್ನು ಎಮರಿ ಪೇಪರಿನಲ್ಲಿ ಕೊನೆಯ ಹಂತದವರೆಗೆ ಈಗಲೇ ತಿಕ್ಕಿ ಮುಗಿಸಿ, ಕಟ್ಟು ಬಂದ ಮೇಲೆ ಆ ಮೂಲೆಗೆ ಕೈ ಹೋಗುವುದಿಲ್ಲ. ಆಮೇಲೆ ಅಲಗಿಗೆ ಎಣ್ಣೆ ಸವರಿ, ರಟ್ಟು ಸುತ್ತಿ, ಟೇಪ್ ಹಾಕಿ. ಕೈಗೂ ಸುರಕ್ಷಿತ, ಅಲಗಿಗೂ ಗೀರು ಬೀಳುವುದಿಲ್ಲ.

ಹಿತ್ತಾಳೆಯ ಕಟ್ಟು

ಯಾವ ಲೋಹ? ಕೊಡಗಿನ ಪೀಚೆಕತ್ತಿಯನ್ನು ನೋಡಿದವರಿಗೆ ಬೆಳ್ಳಿಯ ಕೆಲಸ ಚಾಕಿಗೆ ಎಂಥ ಕಳೆ ಕೊಡುತ್ತದೆ ಎಂದು ಗೊತ್ತು. ಕೊಡವರ ನಿಲುವಂಗಿಯಾದ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತುವ ಚೇಲೆ ಎಂಬ ಪಟ್ಟಿಗೆ ಸಿಕ್ಕಿಸಿಕೊಳ್ಳುವ ಆ ಕತ್ತಿಯ ಹಿಡಿ, ಒರೆ ಎರಡಕ್ಕೂ ಬೆಳ್ಳಿಯ ಅಲಂಕಾರ ಇರುತ್ತದೆ. ಅದು ಅಕ್ಕಸಾಲಿಗರ ಕೈಚಳಕ, ಹೊಸಬರು ಅಲ್ಲಿಂದ ಶುರು ಮಾಡಲಾಗದು. ಹಿತ್ತಾಳೆ ಅಗ್ಗ, ಎಲ್ಲೆಡೆ ಸಿಗುತ್ತದೆ, ಅರಕ್ಕೆ ಚೆನ್ನಾಗಿ ಬಗ್ಗುತ್ತದೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಪೇಟೆಯಲ್ಲಿ ಹಿತ್ತಾಳೆ ಪಟ್ಟಿ, ಸರಳು ಎರಡನ್ನೂ ಕೇಳಿ. ಬರೀ ಅಡುಗೆಮನೆಗೆ ಮಾಡುವ ಚಾಕಾದರೆ ನಾನು ಹಿತ್ತಾಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಆರಿಸುತ್ತೇನೆ. ನಿಂಬೆ, ಹುಣಸೆ, ಟೊಮೆಟೊ ದಿನಾ ತಾಗಿದರೆ ಹಿತ್ತಾಳೆ ಬೇಗ ಕಿಲುಬು ಹಿಡಿಯುತ್ತದೆ. ಬೆಳ್ಳಿಯ ಬಣ್ಣ ಬೇಕೆನ್ನುವವರಿಗೆ ಜರ್ಮನ್ ಸಿಲ್ವರ್ ಇದೆ. ತಾಮ್ರ, ನಿಕ್ಕಲ್, ಸತುವಿನ ಈ ಮಿಶ್ರಣದಲ್ಲಿ ಬೆಳ್ಳಿ ಒಂದಿಷ್ಟೂ ಇಲ್ಲ, ಆದರೆ ಹಿತ್ತಾಳೆಗಿಂತ ನಿಧಾನವಾಗಿ ಮಾಸುತ್ತದೆ.

6 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿಯಿಂದ 15 ಮಿ.ಮೀ. ಉದ್ದದ ಎರಡು ತುಂಡು ಕತ್ತರಿಸಿ. ಅಗಲ ಚಾಕಿಗಿಂತ ಎರಡು ಮಿಲಿಮೀಟರ್ ಜಾಸ್ತಿ ಇರಲಿ. ಕಟ್ಟನ್ನು ಉಕ್ಕಿಗೆ ಬಿಗಿಯುವ ಮೊಳೆಗಳೂ ಹಿತ್ತಾಳೆಯವೇ ಆಗಬೇಕು, ಸಾಧ್ಯವಾದರೆ ಪಟ್ಟಿ ತಂದ ಅಂಗಡಿಯ ಸರಳಿನಿಂದಲೇ. ಮಿಶ್ರಣ ಬೇರೆಯಾದರೆ ಬಣ್ಣ ಬೇರೆಯಾಗಿ, ಮೊಳೆಯ ತಲೆ ದುಂಡಗೆ ಎದ್ದು ಕಾಣುತ್ತದೆ.

ಉಕ್ಕಿಗೆ ತಾಗುವ ಮುಖವೇ ಮೊದಲ ಕೆಲಸ. ದಪ್ಪ ಗಾಜಿನ ಮೇಲೆ 220 ನಂಬರಿನ ವಾಟರ್ ಪೇಪರ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಅಂಟಿಸಿ, ಹಿತ್ತಾಳೆ ತುಂಡನ್ನು ಎಂಟರ ಆಕಾರದಲ್ಲಿ ತಿಕ್ಕಿ. ಮುಖದ ಮೇಲೆ ಮಾರ್ಕರಿನಿಂದ ಗೆರೆ ಎಳೆದಿರಿ. ಗೆರೆಗಳೆಲ್ಲ ಒಟ್ಟಿಗೆ ಅಳಿಸಿದರೆ ಸಮತಟ್ಟಾಗಿದೆ. ಚಾಕಿನ ಉಕ್ಕಿಗೂ ಇದೇ ಉಪಚಾರ ಮಾಡಿ. ಎರಡನ್ನೂ ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಕೂದಲೆಳೆಯಷ್ಟು ಬೆಳಕು ಬಂದರೂ ಮತ್ತೆ ಗಾಜಿಗೆ ಹೋಗಿ. ಈಗ ಬಿಟ್ಟ ಸಂದನ್ನು ಅಂಟು ತುಂಬುತ್ತದೆ ನಿಜ. ಆದರೆ ಅಂಟಿನ ಗೆರೆ ಕಪ್ಪಗೆ ಕಾಣುತ್ತದೆ, ಮುಂದೆ ಅಲ್ಲೇ ನೀರು ಇಳಿದು ಒಳಗಿನಿಂದ ತುಕ್ಕು ಶುರುವಾಗುತ್ತದೆ.

ಆಮೇಲೆ ತೂತು. ಒಂದು ತುಂಡನ್ನು ಜಾಗದಲ್ಲಿಟ್ಟು ಸಿ ಕ್ಲ್ಯಾಂಪಿನಿಂದ ಬಿಗಿದು, ಉಕ್ಕಿನ ತೂತಿನ ಮೂಲಕವೇ 4 ಮಿ.ಮೀ. ಬಿಟ್ಟಿನಿಂದ ಕೊರೆಯಿರಿ. ಒಂದು ತೂತಾದ ಕೂಡಲೇ ಅದಕ್ಕೊಂದು ಸರಳಿನ ತುಂಡು ತೂರಿಸಿ, ನಂತರ ಎರಡನೆಯದನ್ನು ಕೊರೆದರೆ ಜಾಗ ತಪ್ಪುವುದಿಲ್ಲ. ಇನ್ನೊಂದು ಬದಿಗೂ ಹೀಗೇ. ಹಿತ್ತಾಳೆ ಕೊರೆಯುವಾಗ ತುಂಡನ್ನು ಯಾವತ್ತೂ ಕೈಯಲ್ಲಿ ಹಿಡಿಯಬೇಡಿ. ಡ್ರಿಲ್ ಬಿಟ್ ಆಚೆ ಬದಿಗೆ ಹೊರಬರುವ ಗಳಿಗೆಯಲ್ಲಿ ಹಿತ್ತಾಳೆಯನ್ನು ತಟ್ಟನೆ ಕಚ್ಚಿ ಸುತ್ತಿ ಎಸೆಯುತ್ತದೆ. ಕೈಗವಸು ಕೂಡ ಬೇಡ, ತಿರುಗುವ ಯಂತ್ರ ಅದನ್ನು ಬೆರಳ ಸಮೇತ ಎಳೆದುಕೊಳ್ಳುತ್ತದೆ.

ಈಗ ಎರಡೂ ತುಂಡುಗಳನ್ನು ಚಾಕಿನಿಂದ ತೆಗೆದು, ಒಂದಕ್ಕೊಂದು ಬೆನ್ನು ಕೊಟ್ಟು ಅದೇ ಸರಳುಗಳಿಂದ ಜೋಡಿಸಿ. ಅಲಗಿನ ಕಡೆಗೆ ಬರುವ ಮುಖವನ್ನು ಎರಡಕ್ಕೂ ಒಟ್ಟಿಗೇ ಅರ ಹಾಕಿ. ನೇರ ಇಡಬಹುದು, ಸ್ವಲ್ಪ ಇಳಿಜಾರು ಕೊಡಬಹುದು, ಅರ್ಧಚಂದ್ರದ ಹಾಗೆ ದುಂಡಗೆ ಮಾಡಬಹುದು. ಒಟ್ಟಿಗೆ ಮಾಡಿದರೆ ಎಡಬದಿ, ಬಲಬದಿ ಸಮವಾಗಿ ಬರುತ್ತವೆ. ಈ ಮುಂಭಾಗದ ಮುಖವನ್ನು ಪೂರ್ತಿ ಹೊಳಪಿನವರೆಗೆ ಈಗಲೇ ಮುಗಿಸಿಬಿಡಿ. 220, 400, 600, 1000, ಬೇಕಿದ್ದರೆ ಪಾಲಿಶ್ ಕೂಡ. ಅಲಗಿನ ಮೇಲೆ ಕೂತ ನಂತರ ಇಲ್ಲಿ ಎಮರಿ ಆಡಿಸಿದರೆ ಅಲಗಿಗೆ ಗೀರು ಬೀಳುವುದು ಖಂಡಿತ. ಇಡೀ ಕೆಲಸದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಮರ ಬಂದು ತಾಗುವ ಹಿಂದಿನ ಮುಖ ಹೊಳೆಯಬೇಕಿಲ್ಲ, ನೇರವಾಗಿದ್ದರೆ ಸಾಕು.

ಮೊಳೆ ಬಡಿಯುವ ಮುಂಚೆ, ಹಿತ್ತಾಳೆಯ ಹೊರಬದಿಯ ತೂತಿನ ಬಾಯನ್ನು ಟೇಪರ್ ರೀಮರಿನಿಂದಲೋ ಸಣ್ಣ ದುಂಡು ಅರದಿಂದಲೋ ಸ್ವಲ್ಪ ಅಗಲ ಮಾಡಿ. ಬಡಿದಾಗ ಮೊಳೆ ಉಬ್ಬಿ ಈ ಇಳಿಜಾರನ್ನು ತುಂಬುತ್ತದೆ. ಅದು ಒಳಗಿನಿಂದ ಬೆಣೆಯಾಗಿ ಹಿಡಿಯುವುದರಿಂದ ಕಟ್ಟು ಎಂದೂ ಸಡಿಲವಾಗುವುದಿಲ್ಲ. ಉಕ್ಕು 3, ಹಿತ್ತಾಳೆ 6 ಮತ್ತು 6, ಒಟ್ಟು 15 ಮಿ.ಮೀ. ಮೊಳೆಯನ್ನು 18 ಮಿ.ಮೀ. ಕತ್ತರಿಸಿ. ಎರಡೂ ಕಡೆ ಒಂದೂವರೆ ಮಿಲಿಮೀಟರ್ ಹೊರಗಿರುತ್ತದೆ. ಮೊಳೆಯನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಉಕ್ಕು ಗಟ್ಟಿಯಾಗುವ ಉಪಾಯದಿಂದ ಹಿತ್ತಾಳೆ ಮೆತ್ತಗಾಗುತ್ತದೆ ಎಂಬುದು ಹೊಸಬರಿಗೆ ಅಚ್ಚರಿ.

ಎಲ್ಲ ಮುಖಗಳನ್ನೂ ಅಸಿಟೋನಿನಿಂದ ಒರೆಸಿ, ತೆಳ್ಳಗೆ ಅರಾಲ್ಡೈಟ್ ಎಂಬ ಎಪಾಕ್ಸಿ ಅಂಟು ಸವರಿ ಜೋಡಿಸಿ. ಕೆಳಗಿನ ಮೊಳೆಯ ತುದಿ ಗಟ್ಟಿ ಕಬ್ಬಿಣದ ದಿಮ್ಮಿಯ ಮೇಲೆ ಕೂತಿರಲಿ. ಚಿಕ್ಕ ಬಾಲ್‌ಪೀನ್ ಸುತ್ತಿಗೆಯ ದುಂಡು ತಲೆಯಿಂದ ಮೊಳೆಯ ಅಂಚಿನ ಸುತ್ತ ಹಗುರವಾಗಿ ಬಡಿಯಿರಿ. ನಾಲ್ಕೈದು ಪೆಟ್ಟಿಗೊಮ್ಮೆ ತಿರುವಿ ಹಾಕಿ. ಒಂದೇ ಕಡೆ ಜೋರಾಗಿ ಬಡಿದರೆ ಮೊಳೆ ನಡುವೆ ಬಾಗುತ್ತದೆ, ತೂತಿನ ಬಾಯಿ ಮಾತ್ರ ತುಂಬುವುದಿಲ್ಲ. ಅಲಗಿನ ಕಡೆ ಹಿಂಡಿಬಂದ ಅಂಟನ್ನು ಒಣಗುವ ಮೊದಲೇ, ಕಿವಿ ಕಡ್ಡಿಗೆ ಅಸಿಟೋನ್ ಹಚ್ಚಿ ಪೂರ್ತಿ ಒರೆಸಿ ತೆಗೆಯಿರಿ.

ಮರ

ಹಳೆ ಪೀಠೋಪಕರಣದಿಂದ ಸಿಕ್ಕ ಬೀಟೆ, ಹುಣಸೆಯ ಚೇಗು, ಹಲಸು, ಯಾವುದಾದರೂ ಆಗುತ್ತದೆ. ಚೆನ್ನಾಗಿ ಒಣಗಿರಬೇಕು ಅಷ್ಟೇ. ಹಸಿ ಮರ, ಅಥವಾ ಮಲೆನಾಡಿನ ಮಳೆಗಾಲದಲ್ಲಿ ತೇವ ಕುಡಿದ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿತ್ತಾಳೆ ಕುಗ್ಗುವುದಿಲ್ಲ. ಆಗ ಎರಡರ ನಡುವೆ ಸಂದು ಬೀಳುತ್ತದೆ, ಹಿತ್ತಾಳೆಯ ಅಂಚು ಬೆರಳಿಗೆ ತಾಗುತ್ತದೆ. ಮರದ ಹಲಗೆಯ ಮುಂದಿನ ಅಂಚನ್ನು ಹಿತ್ತಾಳೆಗೆ ಬೆಳಕು ಕಾಣದಂತೆ ಕೂರಿಸಿ, ನಿಧಾನವಾಗಿ ಒಣಗುವ ಅರಾಲ್ಡೈಟಿನಿಂದ ಅಂಟಿಸಿ. ಕ್ಲ್ಯಾಂಪನ್ನು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಮರದ ತೂತುಗಳಿಗೆ ತೂರಿಸಿದ ಮೊಳೆಗಳನ್ನು ಬಡಿದು ಉಬ್ಬಿಸಬೇಡಿ, ಮರ ಸೀಳುತ್ತದೆ. ಅಂಟೇ ಹಿಡಿಯುತ್ತದೆ. ಒಂದು ದಿನ ಪೂರ್ತಿ ಬಿಡಿ.

ಹೊಳಪು

ಈಗ ಹಿತ್ತಾಳೆ, ಮರ, ಉಕ್ಕು ಮೂರೂ ಒಂದೇ ಮೈಯಾಗಬೇಕು. ಕಷ್ಟವೇನೆಂದರೆ ಮೂರರ ಗಟ್ಟಿತನ ಮೂರು ಬಗೆ. ಎಮರಿ ಪೇಪರನ್ನು ಬೆರಳಿನಿಂದ ಒತ್ತಿ ತಿಕ್ಕಿದರೆ ಮೆತ್ತಗಿನ ಮರ ಬೇಗ ಸವೆದು ತಗ್ಗಾಗುತ್ತದೆ, ಹಿತ್ತಾಳೆ ಮೆಟ್ಟಿಲಿನಂತೆ ನಿಲ್ಲುತ್ತದೆ. ಪೇಪರನ್ನು ಯಾವಾಗಲೂ ಗಟ್ಟಿ ಮರದ ತುಂಡಿಗೋ ಸಪಾಟಾದ ಕಬ್ಬಿಣಕ್ಕೋ ಸುತ್ತಿ ಹಿಡಿಯಿರಿ. ಪ್ರತಿ ಎಳೆತವೂ ಎರಡು ವಸ್ತುಗಳನ್ನೂ ಓರೆಯಾಗಿ ದಾಟಿ ಹೋಗಲಿ. N95 ಮಾಸ್ಕ್ ಹಾಕಿಕೊಳ್ಳಿ. ಹಿತ್ತಾಳೆಯ ಪುಡಿಯೂ ಬೀಟೆಯ ಪುಡಿಯೂ ಎದೆಗೆ ಒಳ್ಳೆಯದಲ್ಲ.

ಅರದಿಂದ ಶುರು ಮಾಡಿ. ಹಿತ್ತಾಳೆಗೆ ಹೊಸ, ಚೂಪಾದ ಅರ ಬೇಕು. ಉಕ್ಕಿಗೆ ಬಳಸಿ ಮೊಂಡಾದದ್ದು ಹಿತ್ತಾಳೆಯ ಮೇಲೆ ಸುಮ್ನೆ ಜಾರುತ್ತದೆ. ಅರಕ್ಕೆ ಮೊದಲು ಸೀಮೆಸುಣ್ಣ ತಿಕ್ಕಿ. ಇಲ್ಲದಿದ್ದರೆ ಹಿತ್ತಾಳೆಯ ಚೂರು ಹಲ್ಲುಗಳಲ್ಲಿ ಸಿಕ್ಕಿ ಆಳವಾದ ಗೀರು ಎಳೆಯುತ್ತದೆ. ಆಗಾಗ ತಂತಿ ಬ್ರಷ್ ಆಡಿಸಿ ಹಲ್ಲು ಬಿಡಿಸಿ. ಮೊಳೆಯ ತಲೆಗಳು ಸಮವಾಗುತ್ತಿದ್ದಂತೆ ಅವು ಹಿತ್ತಾಳೆಯಲ್ಲಿ ಕರಗಿ ಕಾಣದಾಗುತ್ತವೆ. ಸುತ್ತ ಸಣ್ಣ ಕಪ್ಪು ಉಂಗುರ ಉಳಿದರೆ ತೂತು ತುಂಬಿಲ್ಲ ಎಂದರ್ಥ. ಮತ್ತೆ ನಾಲ್ಕು ಹಗುರ ಪೆಟ್ಟು ಕೊಟ್ಟು ನೋಡಿ. ಈ ಹಂತದಲ್ಲಿ ಬೆಲ್ಟ್ ಗ್ರೈಂಡರ್ ಬಳಸುವವರು ಬೆರಳನ್ನು ಹಿತ್ತಾಳೆಯ ಮೇಲೇ ಇಟ್ಟಿರಿ. ಹಿತ್ತಾಳೆ ಬಿಸಿಯನ್ನು ಬೇಗ ಹರಡುತ್ತದೆ, ಅಂಟು ಆ ಬಿಸಿಗೆ ಮೆತ್ತಗಾಗಿ ಬಿಡುತ್ತದೆ. ಬೆರಳಿಗೆ ತಡೆಯದಿದ್ದರೆ ಅಂಟಿಗೂ ತಡೆಯದು.

ನಂತರ 120, 220, 400, 600. ಒಂದೊಂದು ನಂಬರಿಗೂ ತಿಕ್ಕುವ ದಿಕ್ಕು ಬದಲಿಸಿ. 120ರಲ್ಲಿ ಅಡ್ಡ ತಿಕ್ಕಿದ್ದರೆ 220ರಲ್ಲಿ ಉದ್ದಕ್ಕೆ. ಹಿಂದಿನ ನಂಬರಿನ ಗೀರುಗಳೆಲ್ಲ ಹೋಗಿವೆಯೇ ಎಂದು ಆಗ ಸ್ಪಷ್ಟವಾಗಿ ಕಾಣುತ್ತದೆ. ಟೇಬಲ್ ಲ್ಯಾಂಪನ್ನು ಪಕ್ಕದಿಂದ ಬೀಳುವಂತೆ ಇಟ್ಟು ನೋಡಿ, ತಲೆಯ ಮೇಲಿನ ಬೆಳಕು ಗೀರುಗಳನ್ನು ಮುಚ್ಚಿಡುತ್ತದೆ. 600ರಲ್ಲಿ ಒಂದು ಆಳವಾದ ಗೀರು ಕಂಡರೆ 220ಕ್ಕೆ ವಾಪಸ್ ಹೋಗಬೇಕು. 600ರಲ್ಲೇ ಗಂಟೆಗಟ್ಟಲೆ ತಿಕ್ಕಿದರೂ ಅದು ಹೋಗದು. ಒಂದೇ ಜಾಗವನ್ನು ಒತ್ತಿ ತಿಕ್ಕಿದರೆ ಅಲ್ಲಿ ಗುಳಿ ಬೀಳುತ್ತದೆ, ಹೊಳಪು ಬಂದಾಗ ಬೆಳಕು ಅಲ್ಲಿ ಅಲೆಯಂತೆ ಮುರಿಯುತ್ತದೆ.

ಮರ ತಿಳಿ ಬಣ್ಣದ್ದಾದರೆ ಹಿತ್ತಾಳೆ, ಉಕ್ಕಿನ ಪುಡಿ ಅದರ ರಂಧ್ರಗಳಿಗೆ ಇಳಿದು ಕಪ್ಪಾಗಿಸುತ್ತದೆ. ಹಲಸಿನ ಹಳದಿ ಮರಕ್ಕೆ ಈ ಅಪಾಯ ಜಾಸ್ತಿ. ನೀರು ಹಾಕದೆ ಒಣದಾಗಿಯೇ ತಿಕ್ಕಿ, ಪುಡಿಯನ್ನು ಬ್ರಷ್ಷಿನಿಂದ ಕೊಡವುತ್ತಿರಿ.

ಇಲ್ಲಿ ಎರಡು ದಾರಿ. 600ರಲ್ಲಿ ನಿಂತು, ಕೊನೆಯ ಎಳೆತಗಳನ್ನೆಲ್ಲ ಚಾಕಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆದರೆ ರೇಷ್ಮೆಯಂಥ ಮಂದ ಹೊಳಪು ಬರುತ್ತದೆ. ದಿನಾ ಬಳಸುವ ಚಾಕಿಗೆ ನನಗೆ ಇದೇ ಇಷ್ಟ. ಹೊಸ ಗೀರು ಬಿದ್ದರೂ ಎದ್ದು ಕಾಣದು, ಐದು ನಿಮಿಷದಲ್ಲಿ ಮತ್ತೆ ತಿಕ್ಕಿ ಸರಿ ಮಾಡಬಹುದು. ಕನ್ನಡಿ ಹೊಳಪೇ ಬೇಕೆಂದರೆ 1000, 1500, 2000 ದಾಟಿ, ಮರಕ್ಕೆ ಮಾಸ್ಕಿಂಗ್ ಟೇಪ್ ಸುತ್ತಿ, ಹತ್ತಿ ಬಟ್ಟೆಗೆ ಬ್ರಾಸೊ (ಲೋಹಕ್ಕೆ ಹಚ್ಚುವ ಪಾಲಿಶ್) ಹಚ್ಚಿ ಕೈಯಲ್ಲೇ ಉಜ್ಜಿ. ಬ್ರಾಸೊ ಮರಕ್ಕೆ ತಾಗಿದರೆ ರಂಧ್ರಗಳಲ್ಲಿ ಬಿಳಿ ಪುಡಿ ಕೂರುತ್ತದೆ. ಬಫಿಂಗ್ ಚಕ್ರ ಬೇಡ ಎನ್ನುವುದೇ ಹೊಸಬರಿಗೆ ನನ್ನ ಸಲಹೆ. ಚಾಕು ಮಾಡುವ ಕೋಣೆಯಲ್ಲಿ ಅದಕ್ಕಿಂತ ಅಪಾಯದ ಯಂತ್ರ ಇಲ್ಲ. ಬಟ್ಟೆಯ ಚಕ್ರ ಅಲಗಿನ ಅಂಚನ್ನು ಹಿಡಿದರೆ ಚಾಕನ್ನು ನಿಮ್ಮ ಕಡೆಗೇ ಎಸೆಯುತ್ತದೆ.

ಮರಕ್ಕೆ ಅಗಸೆ ಎಣ್ಣೆಯ ಎರಡು ಮೂರು ತೆಳು ಲೇಪ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಕಾವು ಏರಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ.

ಬಾಯಿ, ಒರೆ, ಆರೈಕೆ

ಬಾಯಿ ಕೂರಿಸುವುದು ಎಲ್ಲ ಮುಗಿದ ಮೇಲೆ. ಮಸೆಯುವ ಕಲ್ಲಿನ ಮೇಲೆ ಒಂದೊಂದು ಬದಿಗೆ 18ರಿಂದ 20 ಡಿಗ್ರಿಯಲ್ಲಿ ಮಸೆದು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆಯಿರಿ.

ಹಿತ್ತಾಳೆ ಮಾಸಿತೆಂದು ದೇವರ ದೀಪ ತೊಳೆಯುವ ಹಾಗೆ ಹುಣಸೆಹಣ್ಣು ಹಚ್ಚಬೇಡಿ. ಅದರ ಹುಳಿ ಉಕ್ಕಿಗೆ ತಾಗಿ ಕಪ್ಪು ಕಲೆ, ಆಮೇಲೆ ತುಕ್ಕು. 600ರ ಪೇಪರಿನ ನಾಲ್ಕು ಎಳೆತ ಸಾಕು. ಬಳಸಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಿ, ಅಲಗಿಗೆ ಕೊಬ್ಬರಿ ಎಣ್ಣೆಯ ಪಸೆ ಕೊಡಿ. ಚರ್ಮದ ಒರೆ ಓಡಾಡುವಾಗ ಮಾತ್ರ. ಚರ್ಮ ತೇವ ಹಿಡಿದಿಡುತ್ತದೆ, ತಿಂಗಳುಗಟ್ಟಲೆ ಒರೆಯಲ್ಲೇ ಬಿಟ್ಟರೆ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಟ್ಟುತ್ತದೆ. ಮನೆಯಲ್ಲಿದ್ದಾಗ ಚಾಕು ಒರೆಯ ಹೊರಗೆ, ಮಕ್ಕಳ ಕೈಗೆ ಸಿಗದ ಒಣ ಡ್ರಾಯರಿನಲ್ಲಿರಲಿ.